ಊರಿನ ಹೊತ್ತು, ಶಾಲೆಯ ಗಂಟೆ

ಒಂದರಿಂದ ಐದನೇ ತರಗತಿ, 35 ಮಕ್ಕಳು, ಇಬ್ಬರು ಶಿಕ್ಷಕರು, ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು. ಹಳೆ ಮೈಸೂರು ಕಡೆಯ ಬಯಲುಸೀಮೆಯಲ್ಲಿ ಇಂಥ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಬೇಕಾದಷ್ಟಿವೆ. ಇವುಗಳ ಬಗ್ಗೆ ಶಿಕ್ಷಕರ ಬಾಯಲ್ಲಿ ಪದೇಪದೇ ಬರುವ ದೂರು ಒಂದಿದೆ: ಊರಿನವರು ಶಾಲೆ ಕಡೆ ತಲೆ ಹಾಕುವುದಿಲ್ಲ ಎಂದು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಶಾಲೆ ಸಭೆ ಕರೆಯುವ ಹೊತ್ತಿನಲ್ಲಿ ಊರು ಹೊಲದಲ್ಲಿರುತ್ತದೆ. ಊರು ಮನೆಗೆ ಬರುವಷ್ಟರಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ಈ ಹೊತ್ತನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಎಸ್‌ಡಿಎಂಸಿ ಸಭೆಯನ್ನೇ ತೆಗೆದುಕೊಳ್ಳಿ. ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇವು ನಮ್ಮ ರಾಜ್ಯದಲ್ಲಿ 2001ರಲ್ಲೇ ಬಂದವು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಕಾಗದದಲ್ಲಿ ಇದೆಲ್ಲ ಸರಿಯಾಗೇ ಇರುತ್ತದೆ. ಸಭೆ ಮಾತ್ರ ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಬರಬಲ್ಲವರು ಕೆಲಸವಿಲ್ಲದ ನಾಲ್ಕು ಜನ ಗಂಡಸರು. ಹೆಂಗಸರ ಸಹಿ ಆಮೇಲೆ ಮನೆಮನೆಗೆ ಹೋಗಿ ಬರುತ್ತದೆ.

ಹಾಲು ಕರೆದು ಡೇರಿಗೆ ಹಾಕುವ ಊರಾದರೆ ಬೆಳಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು ಬಿಟ್ಟುಬಿಡಿ. ಆಮೇಲೆ ಅಡುಗೆಯ ಹೊತ್ತು, ಅದೂ ಬೇಡ. ಎತ್ತು ಕಟ್ಟುವ ಊರುಗಳಲ್ಲಿ ಸೋಮವಾರ ಬಸವನಿಗೆ ಬಿಡುವು, ನೇಗಿಲು ಹೂಡುವುದಿಲ್ಲ. ಅಮಾವಾಸ್ಯೆಗೂ ಬೇಸಾಯ ನಿಲ್ಲಿಸುವ ಕಡೆಗಳಿವೆ. ಟ್ರ್ಯಾಕ್ಟರ್ ಬಂದಮೇಲೂ ಈ ರೂಢಿ ಎಷ್ಟೋ ಊರಲ್ಲಿ ಉಳಿದಿದೆ. ಆದ್ದರಿಂದ ಸೋಮವಾರವೋ ಅಮಾವಾಸ್ಯೆಯೋ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಎಂದು ಗೊತ್ತು ಮಾಡುವುದು ಒಳ್ಳೆಯದು. ಪ್ರತಿ ತಿಂಗಳೂ ಅದೇ ದಿನ ಇದ್ದರೆ ನೆನಪಿಸುವ ಕೆಲಸವೂ ಕಡಿಮೆ. ಕಬ್ಬು ಕಡಿಯುವಾಗ, ರಾಗಿ ಕೊಯ್ಲಿನಲ್ಲಿ ಸಭೆ ಮುಂದಕ್ಕೆ ಹಾಕಿ. ವಾಟ್ಸಾಪ್ ಗುಂಪಿನಲ್ಲಿ ನೋಟಿಸ್ ಹಾಕಿದರೆ ಅದು ಮೊಬೈಲ್ ಹಿಡಿದ ಗಂಡನಿಗೆ ಮುಟ್ಟುತ್ತದೆ, ಸಮಿತಿಯ ಸದಸ್ಯೆಯಾದ ಹೆಂಡತಿಗಲ್ಲ. ಡೇರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಒಂದು ಮಾತು ಹೇಳಿ, ಮಕ್ಕಳ ಕೈಲಿ ಹೇಳಿಕಳಿಸಿ.

ಸಭೆಗೆ ಮೂರು ವಿಷಯಕ್ಕಿಂತ ಹೆಚ್ಚು ಇಡಬಾರದು. ನಡಾವಳಿಯನ್ನು ಅಲ್ಲೇ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು. ಖಾಲಿ ಪುಟಕ್ಕೆ ಸಹಿ ಪಡೆದು ಆಮೇಲೆ ತುಂಬುವ ಅಭ್ಯಾಸ ಒಂದು ಸಲ ಶುರುವಾದರೆ ಊರಿನ ನಂಬಿಕೆ ಹೋಯಿತೆಂದೇ ಲೆಕ್ಕ. ದುಡ್ಡಿನ ವಿಷಯವಾದರೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂದು ಮೂರೇ ಸಾಲಿನಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಮರುದಿನದವರೆಗೂ ಅಳಿಸದೆ ಬಿಡಿ. ಮಕ್ಕಳು ಓದಿಕೊಂಡು ಮನೆಗೆ ಹೋಗಿ ಹೇಳುತ್ತಾರೆ.

ಊರಿಗೂ ಶಾಲೆಗೂ ದಿನವೂ ನಂಟಿರುವ ಜಾಗವೆಂದರೆ ಅಡುಗೆಮನೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹದ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 35 ಮಕ್ಕಳಿಗೆ ಮೂರೂವರೆ ಕಿಲೋ ಅಕ್ಕಿ, 700 ಗ್ರಾಂ ಬೇಳೆ, ಒಂದೂಮುಕ್ಕಾಲು ಕಿಲೋ ತರಕಾರಿ. ಈ ನಾಲ್ಕು ಅಂಕಿಗಳನ್ನು ಅಡುಗೆಮನೆಯ ಗೋಡೆಗೆ ದೊಡ್ಡದಾಗಿ ಬರೆಸಿ, ಪಕ್ಕದಲ್ಲಿ ಆ ದಿನದ ಹಾಜರಿ ಬರೆಯಲು ಒಂದು ಸಣ್ಣ ಹಲಗೆ ತೂಗುಹಾಕಿ. ಹತ್ತು ಗಂಟೆಗೆ ಐದನೇ ತರಗತಿಯ ಮಗು ಹಾಜರಿ ಎಣಿಸಿ, ಅಕ್ಕಿ ಬೇಳೆ ಎಷ್ಟೆಂದು ಗುಣಿಸಿ ಬರೆಯಲಿ. ಗುಣಾಕಾರ ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಅಕ್ಕಿ ಮೂಟೆ ನೆಲಕ್ಕೂ ಗೋಡೆಗೂ ತಾಗಬಾರದು. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ ಇಡಬೇಕು. ತೇವ ಹಿಡಿದರೆ ಮುಗ್ಗುತ್ತದೆ. ಗೋಡೆಗೆ ಒತ್ತಿಟ್ಟರೆ ಇಲಿ ಹಿಂದಿನಿಂದ ತೂತು ಹೊಡೆದದ್ದು ಮೂಟೆ ಖಾಲಿಯಾಗುವವರೆಗೂ ಗೊತ್ತಾಗುವುದಿಲ್ಲ. ಹೊಸ ಮೂಟೆ ಬಂದಾಗ ಹಳೆಯದರ ಮುಂದೆ ಒಟ್ಟಿಬಿಡುವುದು ಸಾಮಾನ್ಯ ತಪ್ಪು. ಹಳೆಯದು ಹಿಂದೆ ಬಿದ್ದು ಹುಳ ಹಿಡಿಯುತ್ತದೆ. ಬಂದ ತಾರೀಖನ್ನು ಮೂಟೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಬೇಕು.

ಹಾಲಿನ ವಿಷಯಕ್ಕೆ ಬರೋಣ. ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ಕ್ಕೆ. ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿ ಹಾಲು. 35 ಮಕ್ಕಳಿಗೆ 630 ಗ್ರಾಂ ಪುಡಿ, ಐದೂಕಾಲು ಲೀಟರ್ ನೀರು. ಗಂಟು ಗಂಟಾದ ಹಾಲನ್ನು ಮಕ್ಕಳು ಕುಡಿಯದೆ ಗಿಡದ ಬುಡಕ್ಕೆ ಸುರಿಯುತ್ತಾರೆ. ಬೈದು ಫಲವಿಲ್ಲ, ತಪ್ಪು ಕಲಸಿದ ರೀತಿಯಲ್ಲಿದೆ. ಕುದಿಯುವ ನೀರಿಗೆ ಪುಡಿ ಸುರಿದರೆ ಹೊರಪದರ ಅಂಟಿಕೊಂಡು ಒಳಗೆ ಒಣಪುಡಿ ಉಳಿಯುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಕಡೆಗೋಲಿನಿಂದ ಕಡೆಯಬೇಕು. ದೋಸೆಹಿಟ್ಟಿನ ಹದ ಬಂದಮೇಲೆ ಸೋಸಿ ಉಳಿದ ಬಿಸಿನೀರಿಗೆ ಸೇರಿಸಿ, ಕೈಯಾಡಿಸುತ್ತಾ ಒಂದು ಕುದಿ ಬರಿಸಬೇಕು. ಕೈ ಬಿಟ್ಟರೆ ತಳ ಹಿಡಿದು ಸೀದ ವಾಸನೆ ಬರುತ್ತದೆ. ರಾಗಿ ಮಾಲ್ಟ್ ಬೆರೆಸುವ ದಿನ ಅದನ್ನು ಬೇರೆಯಾಗಿ ತಣ್ಣೀರಿನಲ್ಲಿ ಕಲಸಿಕೊಳ್ಳಿ, ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ಮೊಟ್ಟೆಯನ್ನು ತಣ್ಣೀರಿನಲ್ಲಿಟ್ಟು ಒಂದು ಹಿಡಿ ಉಪ್ಪು ಹಾಕಿ ಒಲೆ ಹಚ್ಚಬೇಕು. ಕುದಿ ಬಂದಮೇಲೆ ಹತ್ತು ಹನ್ನೆರಡು ನಿಮಿಷ ಸಾಕು. ಅಡ್ಡ ಮಲಗದೆ ನೀರಿನಲ್ಲಿ ಪೂರ್ತಿ ತೇಲಿದ್ದನ್ನು ಬೇಯಿಸುವ ಮೊದಲೇ ಎತ್ತಿಡಿ.

ಬಡಿಸುವ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ರುಚಿ ನೋಡಲೇಬೇಕು. ಇದರ ಜೊತೆಗೆ ದಿನಕ್ಕೊಬ್ಬ ತಾಯಿ ಬಂದು ಊಟದ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುವ ಸರದಿ ಮಾಡಿದರೆ ಅದಕ್ಕಿಂತ ದೊಡ್ಡ ಸಮುದಾಯ ಕಾರ್ಯಕ್ರಮ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ. ಹೊಲಕ್ಕೆ ಹೋಗುವವರಿಗೆ ತಿಂಗಳಿಗೊಂದು ಸರದಿ ಭಾರವಾಗುವುದಿಲ್ಲ. ಇಲ್ಲಿ ಜಾತಿಯ ಮಾತು ಬರುತ್ತದೆ. ಯಾರು ಬೇಯಿಸಿದರೆ ಯಾರು ಉಣ್ಣುವುದಿಲ್ಲ ಎಂಬ ಗುಸುಗುಸು ಎದ್ದರೆ ಸುತ್ತಿ ಬಳಸಬಾರದು. ಎಲ್ಲ ಕೇರಿಯ ತಾಯಂದಿರೂ ಸರದಿಯಲ್ಲಿ ಇರಲೇಬೇಕು, ಶಿಕ್ಷಕರು ಮಕ್ಕಳ ಸಾಲಿನಲ್ಲೇ ಕೂತು ಉಣ್ಣಬೇಕು. ಮಕ್ಕಳನ್ನು ಕೂರಿಸುವಾಗ ಅವರು ಬಂದ ಗುಂಪಿನಂತೆ ಬಿಡದೆ ಎತ್ತರದ ಲೆಕ್ಕದಲ್ಲೋ ಹೆಸರಿನ ಮೊದಲ ಅಕ್ಷರದ ಲೆಕ್ಕದಲ್ಲೋ ವಾರಕ್ಕೊಮ್ಮೆ ಬದಲಿಸುತ್ತಿರಿ.

35 ಮಕ್ಕಳು ಕೈ ತೊಳೆದು ತಟ್ಟೆ ತೊಳೆದರೆ ದಿನಕ್ಕೆ ನಾಲ್ಕೈದು ಬಕೆಟ್ ನೀರು ಹರಿಯುತ್ತದೆ. ಸೊಳ್ಳೆಗೆ ಬಿಡುವ ಬದಲು ಅದನ್ನು ಕೈತೋಟಕ್ಕೆ ತಿರುಗಿಸಿ. ತೊಳೆಯುವ ಕಟ್ಟೆಯ ಕೊನೆಗೆ ಒಂದು ಜಾಲರಿ ಇರಲಿ, ಇಲ್ಲದಿದ್ದರೆ ಅನ್ನದಗುಳು ಹೋಗಿ ಗುಂಡಿ ಕಟ್ಟಿಕೊಂಡು ಎರಡೇ ವಾರದಲ್ಲಿ ನಾರುತ್ತದೆ. ಜಾಲರಿಯ ಅಗುಳನ್ನು ದಿನವೂ ತೆಗೆದು ನಾಯಿಗೋ ಕೋಳಿಗೋ ಹಾಕುವ ಕೆಲಸ ಒಬ್ಬರ ಹೆಸರಿನಲ್ಲಿರಬೇಕು. ನೀರು ಬೀಳುವ ಕಡೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಸುತ್ತ ಎರಡು ಬಾಳೆ, ಒಂದು ಪರಂಗಿ. ಸೊಪ್ಪಿನ ಮಡಿಗೆ ಸೋಪಿನ ನೀರು ಬೇಡ, ಅಕ್ಕಿ ತೊಳೆದ ನೀರು ಬಿಡಿ.

ಶಾಲೆಯ ತೋಟದಲ್ಲಿ ಬದನೆ, ಟೊಮೇಟೊ ಬೆಳೆಯುವ ಆಸೆ ಎಲ್ಲರಿಗೂ. ಅವು ರೋಗ ಕೇಳುತ್ತವೆ, ಹಣ್ಣಾಗುವ ಹೊತ್ತಿಗೆ ದಸರಾ ರಜೆ ಬರುತ್ತದೆ. ಹರಿವೆ ಇಪ್ಪತ್ತೈದು ಮೂವತ್ತು ದಿನದಲ್ಲಿ ಕೈಗೆ ಬರುತ್ತದೆ. ಬೀಜ ಬಹಳ ಸಣ್ಣದು, ಮಕ್ಕಳು ಹಿಡಿಹಿಡಿಯಾಗಿ ಎರಚಿದರೆ ಒಂದೇ ಕಡೆ ಒತ್ತಾಗಿ ಹುಟ್ಟಿ ಸೊರಗುತ್ತದೆ. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣಮರಳು ಬೆರೆಸಿ ಕೊಡಿ. ಮೇಲೆ ತೆಳ್ಳಗೆ ಬೂದಿ ಉದುರಿಸದಿದ್ದರೆ ಇರುವೆ ಹೊತ್ತೊಯ್ಯುತ್ತದೆ. ನುಗ್ಗೆಯ ಹೆಬ್ಬೆರಳು ಗಾತ್ರದ ಕೊಂಬೆಯನ್ನು ಮುಂಗಾರಿನಲ್ಲಿ ಊರಿದರೆ ಸಾಕು, ಆಳೆತ್ತರ ಆದಾಗ ತುದಿ ಕಡಿಯಿರಿ, ಇಲ್ಲದಿದ್ದರೆ ಸೊಪ್ಪೆಲ್ಲ ಮುಗಿಲಿಗೆ ಹೋಗುತ್ತದೆ. ಕರಿಬೇವು, ಬಸಳೆ, ಎರಡು ನುಗ್ಗೆ, ನಾಲ್ಕು ಮಡಿ ಹರಿವೆ ಇದ್ದರೆ ವಾರಕ್ಕೆರಡು ದಿನದ ಸಾರಿಗೆ ಸೊಪ್ಪು ಸಿಗುತ್ತದೆ. ಬೇಸಿಗೆ ರಜೆಗೆ ಮಡಿಗಳನ್ನು ಖಾಲಿ ಬಿಟ್ಟು ಗಿಡಗಳನ್ನಷ್ಟೇ ಉಳಿಸಿಕೊಳ್ಳಬೇಕು. ಗೇಟಿನ ಬೀಗದ ಕೈ ಶಾಲೆಗೆ ಅಂಟಿದ ಮನೆಯವರ ಬಳಿ ಇದ್ದರೆ ಗಿಡಕ್ಕೆ ನೀರೂ ಬೀಳುತ್ತದೆ, ಜಗಲಿಯಲ್ಲಿ ಇಸ್ಪೀಟೂ ನಿಲ್ಲುತ್ತದೆ.

ಇನ್ನು ಮಕ್ಕಳ ಸಂತೆ, ಅಂದರೆ ಮಕ್ಕಳೇ ಮನೆಯ, ಹೊಲದ ಸಾಮಾನು ತಂದು ಶಾಲೆಯಲ್ಲಿ ಮಾರುವ ಸಂತೆ. ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ವರ್ಷಕ್ಕೊಂದೇ ಕಾರ್ಯಕ್ರಮ ಮಾಡಲು ಶಕ್ತಿಯಿದೆ ಎಂದಾದರೆ ವಾರ್ಷಿಕೋತ್ಸವ ಬಿಟ್ಟು ಇದನ್ನೇ ಮಾಡಿ ಎನ್ನುತ್ತೇನೆ. ಶಾಮಿಯಾನ ಬೇಡ, ಧ್ವನಿವರ್ಧಕ ಬೇಡ, ಮುಖ್ಯ ಅತಿಥಿ ಬೇಡ. ಕಾಲ ಸಂಕ್ರಾಂತಿಗೆ ಹದಿನೈದು ದಿನ ಮುಂಚೆ, ಅವರೆ, ಕಡಲೆಕಾಯಿ, ಕಬ್ಬು, ಗೆಣಸು ಮನೆಯಲ್ಲೇ ಇರುವಾಗ. ಹೋಬಳಿಯ ಸಂತೆ ದಿನ ಬೇಡ, ಊರೆಲ್ಲ ಅಲ್ಲಿರುತ್ತದೆ. ಮಧ್ಯಾಹ್ನ ಮೂರಕ್ಕೆ ಶುರುಮಾಡಿ ಡೇರಿ ಹೊತ್ತಿಗೆ ಮುಗಿಸಿದರೆ ಹಾಲಿನ ಕ್ಯಾನ್ ಹಿಡಿದು ಬಂದವರೂ ಒಂದು ಕಟ್ಟು ಸೊಪ್ಪು ಕೊಂಡು ಹೋಗುತ್ತಾರೆ.

ಒಂದು ವಾರ ಮುಂಚೆ ಯಾರು ಏನು ತರುತ್ತಾರೆ ಎಂದು ಪಟ್ಟಿ ಮಾಡದಿದ್ದರೆ ಇಪ್ಪತ್ತು ಮಕ್ಕಳು ಕೊತ್ತಂಬರಿ ಸೊಪ್ಪನ್ನೇ ತರುತ್ತಾರೆ, ಬೆಲೆ ಬಿದ್ದು ಅಳುತ್ತಾರೆ. ಮನೆಯದೋ ಹೊಲದ್ದೋ ಆಗಿರಬೇಕು. ಪೇಟೆಯಿಂದ ಕೊಂಡು ತಂದ ಸೇಬು, ಚಿಪ್ಸ್ ಬೇಡ. ಬಂಡವಾಳ ನೂರು ರೂಪಾಯಿಗೆ ಮೀರಬಾರದು, ಮೀರಿದರೆ ಅದು ಅಪ್ಪಂದಿರ ಪೈಪೋಟಿಯಾಗುತ್ತದೆ. ಮಕ್ಕಳ ಕೈಗೆ ಬಾಣಲೆ ಕೊಟ್ಟು ಬಜ್ಜಿ ಕರಿಸುವುದು ಬೇಡವೇ ಬೇಡ, ಚುರುಮುರಿ ಕಲಸಿದರೆ ಸಾಕು. ಒಂದು ಎರಡನೇ ತರಗತಿಯ ಮಗುವಿಗೆ ಐದನೇ ತರಗತಿಯ ಜೊತೆಗಾರ ಇರಲಿ. ಸೊಪ್ಪಿಗೆ ಒದ್ದೆ ಗೋಣಿತಾಟು, ಇಲ್ಲದಿದ್ದರೆ ನಾಲ್ಕು ಗಂಟೆಗೆ ಬಾಡಿ ಹೋಗುತ್ತದೆ. ಹಿಂದಿನ ದಿನವೇ ಐನೂರು ರೂಪಾಯಿಗೆ ಒಂದು, ಎರಡು, ಐದರ ಚಿಲ್ಲರೆ ಮಾಡಿಸಿಟ್ಟುಕೊಳ್ಳಿ. ಚಿಲ್ಲರೆ ಇಲ್ಲದ ಸಂತೆ ಅರ್ಧಗಂಟೆಯಲ್ಲಿ ನಿಂತುಹೋಗುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವವರಿಗೆ ಆ ದಿನ ಬೇಡವೆನ್ನಿ. ಚಿಲ್ಲರೆ ಎಣಿಸಿ ಕೊಡುವುದೇ ಅಲ್ಲಿನ ಪಾಠ.

ತಕ್ಕಡಿಯನ್ನು ಮೊದಲು ಪರೀಕ್ಷಿಸಬೇಕು. ಎರಡೂ ತಟ್ಟೆ ಖಾಲಿ ಇದ್ದಾಗ ಮುಳ್ಳು ನಡುವೆ ನಿಂತರಷ್ಟೇ ಸಾಲದು. ಸಾಮಾನನ್ನೂ ತೂಕದ ಬಟ್ಟನ್ನೂ ಅದಲುಬದಲು ಮಾಡಿ ಮತ್ತೆ ತೂಗಿ, ಆಗಲೂ ಸಮ ಬಂದರೆ ತಕ್ಕಡಿ ಸರಿ. ನಾಲ್ಕು ಪಾವಿಗೆ ಒಂದು ಸೇರು ಎಂಬುದು ಅಜ್ಜಿಯರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಒಬ್ಬರು ಅಜ್ಜಿಯನ್ನು ಪಾವು, ಅಚ್ಚೇರು (ಅರ್ಧ ಸೇರು), ಸೇರಿನ ಸಮೇತ ಕೂರಿಸಿ ಅವರೆಕಾಳು ಅಳೆಯಿಸಿ, ಅದನ್ನೇ ಮತ್ತೆ ತಕ್ಕಡಿಯಲ್ಲಿ ತೂಗಿಸಿ. ಹೂವಿನ ಅಂಗಡಿಯಲ್ಲಿ ಜಗಳ ಖಂಡಿತ. ಮಾರುವ ಮಗುವಿನ ಮೊಳ ಚಿಕ್ಕದು, ಕೊಳ್ಳುವ ಚಿಕ್ಕಮ್ಮನ ಮೊಳ ಉದ್ದ. 45 ಸೆಂಟಿಮೀಟರಿನ ಒಂದು ಕೋಲು ಕತ್ತರಿಸಿ ಕೊಟ್ಟರೆ ಜಗಳ ಮುಗಿಯುತ್ತದೆ. ಅಳತೆಗೆ ಎಲ್ಲರೂ ಒಪ್ಪಿದ ಒಂದು ಮಾನ ಏಕೆ ಬೇಕು ಎಂದು ಆಮೇಲೆ ಪುಸ್ತಕ ತೆರೆದು ವಿವರಿಸಬೇಕಾಗಿಲ್ಲ.

ದೊಡ್ಡವರು ಮಾಡುವ ಒಂದು ತಪ್ಪು ಇಡೀ ಸಂತೆಯನ್ನು ಕೆಡಿಸುತ್ತದೆ. ಹತ್ತು ರೂಪಾಯಿ ಸೊಪ್ಪಿಗೆ ಐವತ್ತರ ನೋಟು ಕೊಟ್ಟು "ಚಿಲ್ಲರೆ ನೀನೇ ಇಟ್ಕೊ ಮಗಾ" ಎನ್ನುತ್ತಾರೆ. ಪ್ರೀತಿಯೇ, ಆದರೆ ಆ ಮಗುವಿನ ಲೆಕ್ಕ ಅಲ್ಲಿಗೆ ಮುಗಿಯಿತು. ಬಾಗಿಲಲ್ಲೇ ಹೇಳಿಬಿಡಿ: ಚೌಕಾಸಿ ಮಾಡಿ, ಬೆಲೆ ಕೇಳಿ, ಚಿಲ್ಲರೆ ಎಣಿಸಿ ಪಡೆಯಿರಿ.

ಸಂತೆಯ ನಿಜವಾದ ತರಗತಿ ಮರುದಿನ. ಪ್ರತಿ ಮಗುವೂ ಬಂಡವಾಳ, ಮಾರಿದ್ದು, ಉಳಿದದ್ದು, ಲಾಭ ಅಥವಾ ನಷ್ಟ ಎಂದು ನಾಲ್ಕು ಸಾಲು ಬರೆಯಬೇಕು. ಮನೆಯ ಸೊಪ್ಪು ತಂದವರು ಬಂಡವಾಳ ಸೊನ್ನೆ ಎಂದು ಬರೆಯುತ್ತಾರೆ. ಬೀಜ, ಗೊಬ್ಬರ, ಅಮ್ಮ ಕಳೆ ಕಿತ್ತ ಕೂಲಿ ಎಷ್ಟೆಂದು ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ. ಆ ಲೆಕ್ಕ ಸೇರಿಸಿದಾಗ ಎಷ್ಟೋ ಮಕ್ಕಳ ಲಾಭ ನಷ್ಟಕ್ಕೆ ತಿರುಗುತ್ತದೆ, ಬೇಸಾಯದ ಮಾತು ಅಲ್ಲಿಂದ ಶುರುವಾಗುತ್ತದೆ. ಬಂದ ದುಡ್ಡನ್ನು ಶಾಲೆಯ ನಿಧಿಗೆ ಎಂದು ವಸೂಲು ಮಾಡುವ ಕಡೆಗಳಿವೆ, ಅದು ತಪ್ಪು. ದುಡ್ಡು ಮಗುವಿನದು, ಮನೆಗೆ ಹೋಗಲಿ. ಶಾಲೆಗೆ ಏನಾದರೂ ಬೇಕಿದ್ದರೆ ಅಮಾವಾಸ್ಯೆ ಸಭೆಯಲ್ಲಿ ಪಟ್ಟಿ ಓದಿ ಕೇಳಬಹುದು: ಎರಡು ಬಕೆಟ್, ಒಂದು ಕಡೆಗೋಲು, ಬೇಲಿಗೆ ಹತ್ತು ಗಳ, ಅರ್ಧ ದಿನದ ಕೈಕೆಲಸ.