ಹಾಯಿದೋಣಿಗೆ ಹೊಸ ನ್ಯಾವಿಗೇಶನ್ ಕಂಪ್ಯೂಟರ್: ಮೊದಲು ವೈರು, ಆಮೇಲೆ ನಕ್ಷೆ

ಮೂವತ್ತು ಅಡಿಯ ಹಾಯಿದೋಣಿಯಿಂದ ಹಳೆಯ ಲ್ಯಾಪ್‌ಟಾಪ್ ತೆಗೆದು, ಅದರ ಜಾಗಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿ, ಓಪನ್‌ಸಿಪಿಎನ್ (ನಕ್ಷೆ ತೋರಿಸುವ ತಂತ್ರಾಂಶ) ಮತ್ತು ಸಿಗ್ನಲ್ ಕೆ (ಉಪಕರಣಗಳ ಮಾಹಿತಿ ಒಟ್ಟುಗೂಡಿಸುವ ತಂತ್ರಾಂಶ) ಹಾಕುವುದು ಒಂದು ಸಂಜೆಯ ಕೆಲಸ. ಎರಡೂ ಉಚಿತ. ಓಪನ್‌ಪ್ಲಾಟರ್ ಹಾಕಿಕೊಂಡರೆ ಎರಡನ್ನೂ ಒಂದೇ ಕಡೆಯಿಂದ ನಿಭಾಯಿಸಬಹುದು. ಆದರೆ ದಡ ಬಿಟ್ಟಮೇಲೆ ಕೈಕೊಡುವುದು ಹೆಚ್ಚಾಗಿ ವೈರಿಂಗ್. ಸಮಯ ಮತ್ತು ದುಡ್ಡನ್ನು ಅಲ್ಲಿಗೇ ಮೊದಲು ಹಾಕಿ.

ದೋಣಿಯ 12 ವೋಲ್ಟ್ ಎನ್ನುವುದು ಹೆಸರಿಗಷ್ಟೇ. ಬ್ಯಾಟರಿ ಚಾರ್ಜ್ ಆಗುವಾಗ 14.4ರ ಆಸುಪಾಸಿಗೆ ಏರುತ್ತದೆ, ಎಂಜಿನ್ ಸ್ಟಾರ್ಟ್ ಮಾಡುವಾಗ ಒಂದೆರಡು ಸೆಕೆಂಡು 9ರ ಹತ್ತಿರಕ್ಕೆ ಕುಸಿಯಬಹುದು. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಪೈ 5ಕ್ಕೆ 5 ಆಂಪಿಯರ್. ಪೈ 5ಕ್ಕೆ 3 ಆಂಪಿಯರಿನ ಸಪ್ಲೈ ಕೊಟ್ಟರೆ ನಡೆಯುತ್ತದೆ, ಆದರೆ ಅದು ಎಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಜಿಪಿಎಸ್, ಎಐಎಸ್ (ಹಡಗುಗಳು ತಮ್ಮ ಸ್ಥಾನ ಸಾರುವ ರೇಡಿಯೊ ವ್ಯವಸ್ಥೆ) ರಿಸೀವರ್, ಎಸ್‌ಎಸ್‌ಡಿ ಮೂರನ್ನೂ ಸಿಕ್ಕಿಸಿದಾಗ ಯಾವುದೋ ಒಂದು ಮಾಯವಾಗುವುದಕ್ಕೆ ಇದೇ ಕಾರಣ ಇರಬಹುದು.

ಇನ್ನೂ ಸಾಮಾನ್ಯವಾದ ತಪ್ಪು ಉದ್ದನೆಯ ಯುಎಸ್‌ಬಿ ಕೇಬಲ್. ಲೆಕ್ಕ ಹಾಕಿ ನೋಡಿ: 24 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್ ರೋಧ. ಒಂದು ಮೀಟರ್ ಕೇಬಲ್ಲಿನಲ್ಲಿ ಕರೆಂಟು ಹೋಗಿ ಬರುವ ದಾರಿ ಎರಡು ಮೀಟರ್, ಅಂದರೆ 0.17 ಓಮ್. 3 ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಅಲ್ಲೇ ಹೋಯಿತು. ಚಾರ್ಜರಿನಲ್ಲಿ 5.1 ಇದ್ದದ್ದು ಪೈ ಮುಟ್ಟುವಾಗ 4.6. ಪೈ ವೋಲ್ಟೇಜ್ ಕಡಿಮೆ ಎಂದು ದೂರುವ ಗಡಿ ಸುಮಾರು 4.63. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಪ್ರೊಸೆಸರ್ ನಿಧಾನವಾಗುತ್ತದೆ, ಕೊನೆಗೆ ತಾನೇ ರೀಸ್ಟಾರ್ಟ್ ಆಗುತ್ತದೆ. ಅದೇ 15 ವಾಟನ್ನು 12 ವೋಲ್ಟಿನಲ್ಲಿ ಒಯ್ದರೆ ಕರೆಂಟು ಒಂದೂವರೆ ಆಂಪಿಯರ್ ದಾಟುವುದಿಲ್ಲ; 1.5 ಚದರ ಮಿಲಿಮೀಟರ್ ವೈರಿನಲ್ಲಿ ಐದು ಮೀಟರ್ ದೂರಕ್ಕೆ ಕಳೆದುಹೋಗುವುದು 0.2 ವೋಲ್ಟಿಗಿಂತ ಕಡಿಮೆ, ಅದರಿಂದ 12 ವೋಲ್ಟನ್ನು 5ಕ್ಕೆ ಇಳಿಸುವ ಕನ್ವರ್ಟರಿಗೆ ಏನೂ ಆಗುವುದಿಲ್ಲ. ಹಾಗಾಗಿ ದೂರದ ಓಟವೆಲ್ಲ 12 ವೋಲ್ಟಿನಲ್ಲಿರಲಿ. 9ರಿಂದ 36 ವೋಲ್ಟ್ ತಡೆಯುವ ಐಸೊಲೇಟೆಡ್ (ಒಳಬರುವ, ಹೊರಹೋಗುವ ವಿದ್ಯುತ್ತಿಗೆ ನೇರ ಸಂಪರ್ಕವಿಲ್ಲದ) ಕನ್ವರ್ಟರನ್ನು ಪೈಯಿಂದ ಒಂದು ಗೇಣಿನೊಳಗೆ ಕೂರಿಸಿ. ಪ್ಯಾನೆಲ್ಲಿನಲ್ಲಿ 3 ಆಂಪಿಯರ್ ಫ್ಯೂಸ್, ತವರ ಲೇಪಿಸಿದ ವೈರು, ಕ್ರಿಂಪ್ ಮಾಡಿದ ತುದಿಗಳು. ಬರೀ ಸೋಲ್ಡರ್ ಮಾಡಿದ ಜೋಡಣೆ ಎಂಜಿನ್ನಿನ ನಡುಕಕ್ಕೆ, ಬೆಸುಗೆ ಮುಗಿಯುವ ಜಾಗದಲ್ಲೇ ಮುರಿಯುತ್ತದೆ.

ಅಗ್ಗದ ಕನ್ವರ್ಟರ್ ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ಅದರ ಸ್ವಿಚಿಂಗ್ ಗದ್ದಲ ದೋಣಿಯ ರೇಡಿಯೊ ಬಳಸುವ ವಿಎಚ್‌ಎಫ್ ತರಂಗಪಟ್ಟಿಯವರೆಗೂ ಹರಡುತ್ತದೆ. ಎಐಎಸ್ ಕೆಲಸ ಮಾಡುವುದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ, ಅದೇ ಪಟ್ಟಿಯೊಳಗೆ. ಪರೀಕ್ಷೆ ಸುಲಭ: ರೇಡಿಯೊದ ಸ್ಕ್ವೆಲ್ಚ್ (ದುರ್ಬಲ ಸದ್ದು ಮುಚ್ಚಿಡುವ ಗುಂಡಿ) ಪೂರ್ತಿ ತೆರೆದು, ದೂರದ ದುರ್ಬಲ ಧ್ವನಿಯೊಂದನ್ನು ಹಿಡಿದು, ಪೈಯ ಫ್ಯೂಸ್ ಒಮ್ಮೆ ತೆಗೆದು, ಮತ್ತೆ ಸಿಕ್ಕಿಸಿ ನೋಡಿ. ಫ್ಯೂಸ್ ಹಾಕಿದಾಗ ಆ ಧ್ವನಿ ಮುಳುಗಿದರೆ, ಪರದೆಯ ಮೇಲೆ ದೂರದ ಹಡಗುಗಳೂ ಕಾಣುತ್ತಿಲ್ಲ ಎಂದೇ ಅರ್ಥ. ಪರಿಹಾರ: ಕನ್ವರ್ಟರಿಗೆ ಲೋಹದ ಪೆಟ್ಟಿಗೆ, ಅದರ ಎರಡೂ ಕಡೆಯ ವೈರಿಗೆ ಫೆರೈಟ್ (ಗದ್ದಲ ತಡೆಯುವ ಉಂಗುರ), ಆಂಟೆನಾ ಕೇಬಲ್ಲಿನಿಂದ ಒಂದು ಮೀಟರ್ ದೂರ. ಇಷ್ಟಕ್ಕೂ ಬಗ್ಗದಿದ್ದರೆ ಕನ್ವರ್ಟರನ್ನೇ ಬದಲಿಸಬೇಕು.

ಇನ್ನು ಹಳೆಯ ಉಪಕರಣಗಳ ಜೊತೆ ಮಾತು. ಆಳ, ಗಾಳಿ, ವೇಗದ ಮೀಟರುಗಳು ಎನ್‌ಎಂಇಎ 0183 (ದೋಣಿ ಉಪಕರಣಗಳು ಮಾತಾಡುವ ಹಳೆಯ ಪದ್ಧತಿ) ಬಳಸುವವಾದರೆ ಅವುಗಳ ತಂತಿಯನ್ನು ಪೈಯ ಪಿನ್ನಿಗೆ ನೇರವಾಗಿ ಕೊಡಲೇಬೇಡಿ. ಆ ಪಿನ್ನು ತಡೆಯುವುದು 3.3 ವೋಲ್ಟ್ ಮಾತ್ರ. ಆಪ್ಟೊ ಐಸೊಲೇಶನ್ (ಬೆಳಕಿನ ಮೂಲಕ ಮಾತ್ರ ಸಂಕೇತ ದಾಟಿಸುವ ರಕ್ಷಣೆ) ಇರುವ ಆರ್‌ಎಸ್-422 ಯುಎಸ್‌ಬಿ ಅಡಾಪ್ಟರ್ ಮಧ್ಯೆ ಇರಲಿ. ಡೇಟಾ ಬರುತ್ತಿದೆ, ಆದರೆ ಎಲ್ಲ ಕಸದಂತೆ ಕಾಣುತ್ತಿದೆ ಎಂದಾದರೆ ಮೊದಲು ಬಾಡ್ ರೇಟ್, ಅಂದರೆ ಡೇಟಾ ಹರಿಯುವ ವೇಗ, ನೋಡಿ (ಮೀಟರುಗಳಿಗೆ 4800, ಎಐಎಸ್‌ಗೆ 38400), ಆಮೇಲೆ ಎ ಮತ್ತು ಬಿ ತಂತಿ ಅದಲುಬದಲು ಮಾಡಿ.

ಪರದೆಯ ಮೇಲಿನ ದೋಣಿ ನಿಜವಾದ ದೋಣಿಗಿಂತ ಹಿಂದೆ ಬೀಳುತ್ತಿದೆ ಎಂಬ ದೂರಿನ ಮೂಲವೂ ಹಲವು ಬಾರಿ ಇಲ್ಲಿಯೇ ಇರುತ್ತದೆ. 4800 ಬಾಡ್ ಎಂದರೆ ಸೆಕೆಂಡಿಗೆ 480 ಅಕ್ಷರ. ಒಂದು ವಾಕ್ಯ (ಉಪಕರಣ ಕಳಿಸುವ ಒಂದು ಸಾಲು ಮಾಹಿತಿ) ಗರಿಷ್ಠ 82 ಅಕ್ಷರ. ಅಂದರೆ ಸೆಕೆಂಡಿಗೆ ಐದಾರು ತುಂಬು ವಾಕ್ಯ, ಅಷ್ಟೇ. ಎಐಎಸ್ ಸಂದೇಶಗಳನ್ನೂ ಜಿಪಿಎಸ್ ಅನ್ನೂ ಅದೇ ತಂತಿಗೆ ತುರುಕಿದರೆ ಬಫರ್ ತುಂಬಿ, ಸ್ಥಾನದ ಮಾಹಿತಿ ಸರದಿಯಲ್ಲಿ ಕಾಯುತ್ತದೆ. 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಮೂರು ಮೀಟರ್ ಸಾಗುತ್ತದೆ. ಹತ್ತು ಸೆಕೆಂಡು ತಡವಾದರೆ ಮೂವತ್ತು ಮೀಟರ್. ಕಿರಿದಾದ ಚಾನೆಲ್ಲಿನಲ್ಲಿ ಅದು ನೀರಿಗೂ ಕೆಸರಿಗೂ ಇರುವ ಅಂತರ. ಜಿಪಿಎಸ್‌ಗೆ ತನ್ನದೇ ಯುಎಸ್‌ಬಿ ದಾರಿ ಕೊಡಿ. ಅಡಾಪ್ಟರುಗಳಿಗೆ ಶಾಶ್ವತ ಹೆಸರು ಕಟ್ಟಿಕೊಡಿ, ಇಲ್ಲದಿದ್ದರೆ ರೀಬೂಟ್ ಆದಾಗ ಒಂದರ ನಂಬರು ಇನ್ನೊಂದಕ್ಕೆ ಹೋಗುತ್ತದೆ. ಎಫ್‌ಟಿಡಿಐ ಚಿಪ್ಪಿನವಕ್ಕೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ. ಇಲ್ಲದವನ್ನು ಸಿಕ್ಕಿಸಿದ ಪೋರ್ಟಿನಿಂದಲೇ ಗುರುತಿಸಬೇಕು.

ಎಲ್ಲ ಉಪಕರಣಗಳೂ ಒಂದೇ ಕೇಬಲ್ಲಿನಲ್ಲಿ ಮಾತಾಡುವ ಹೊಸ ಜಾಲ ಎನ್‌ಎಂಇಎ 2000 ಇದ್ದರೆ ಕೆಲಸ ಹಗುರ, ಒಂದು ಅಳತೆ ಮಾತ್ರ ತಪ್ಪಿಸಬೇಡಿ. ಕರೆಂಟು ಆರಿಸಿ, ಬಿಳಿ ಮತ್ತು ನೀಲಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಮ್ ಆಸುಪಾಸು ಬಂದರೆ ಕೇಬಲ್ಲಿನ ಎರಡು ತುದಿಯ 120 ಓಮ್ ಟರ್ಮಿನೇಟರುಗಳು (ತುದಿಗೆ ಹಾಕುವ ರೋಧಕಗಳು) ಸರಿಯಾಗಿವೆ. 120 ಬಂದರೆ ಒಂದು ಇಲ್ಲ. 40 ಬಂದರೆ ಮೂರನೆಯದು ಎಲ್ಲೋ ಅಡಗಿದೆ. ಪೈಯನ್ನು ಈ ಜಾಲಕ್ಕೆ ಸೇರಿಸುವ ಹೊಸ ಕ್ಯಾನ್ ಬೋರ್ಡಿನಲ್ಲಿ ಟರ್ಮಿನೇಟರ್ ಜೋಡಿಸುವ ಜಂಪರ್ ತೆಗೆಯಲು ಮರೆತಿರುತ್ತಾರೆ. ಬೋರ್ಡಿನ ವೇಗ 250 ಕಿಲೊಬಿಟ್ ಇರಬೇಕು, ಪ್ರತಿ ಡ್ರಾಪ್ ಕೇಬಲ್ (ಮುಖ್ಯ ಕೇಬಲ್ಲಿನಿಂದ ಉಪಕರಣಕ್ಕೆ ಹೋಗುವ ಕವಲು) 6 ಮೀಟರ್ ಮೀರಬಾರದು.

ಹಳೆಯ ಆಟೋಪೈಲಟ್ ಹೊಸ ಕಂಪ್ಯೂಟರಿನ ಮಾತು ಕೇಳದಿದ್ದರೆ ತಂತಿಗಿಂತ ಮೊದಲು ವಾಕ್ಯ ನೋಡಿ. ಓಪನ್‌ಸಿಪಿಎನ್ ಮಾರ್ಗದ ವಾಕ್ಯಗಳನ್ನು ಇಸಿ ಎಂಬ ಎರಡಕ್ಷರದಿಂದ ಶುರುಮಾಡುತ್ತದೆ. ಕೆಲವು ಹಳೆಯ ಪೈಲಟ್‌ಗಳು ಜಿಪಿ ಎಂದು ಶುರುವಾಗುವುದನ್ನು ಮಾತ್ರ ಗುರುತಿಸುತ್ತವೆ. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಬಹುದು. ವೇಪಾಯಿಂಟ್ (ಮಾರ್ಗದ ಮೇಲಿನ ಗುರುತು ಬಿಂದು) ಹೆಸರನ್ನು ಆರು ಅಕ್ಷರಕ್ಕೆ ಮೊಟಕುಗೊಳಿಸಿ. ಪೈಯಿಂದ ಹೊರಟ ವಾಕ್ಯ ಸುತ್ತಿ ಪೈಗೇ ವಾಪಸ್ ಬರದಂತೆ ಫಿಲ್ಟರ್ ಹಾಕಿ.

ಹಳೆಯ ಜಿಪಿಎಸ್ ಉಳಿಸಿಕೊಳ್ಳುವವರು ತಾರೀಖು ನೋಡಲೇಬೇಕು. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಸೊನ್ನೆಗೆ ಮರಳುತ್ತದೆ. ಕೊನೆಯ ಬಾರಿ ಹಾಗಾದದ್ದು 2019ರ ಏಪ್ರಿಲ್ 6ರ ನಡುರಾತ್ರಿ. ಅದನ್ನು ತಿಳಿಯದ ರಿಸೀವರ್ ಸ್ಥಾನ ಸರಿಯಾಗಿಯೇ ತೋರಿಸುತ್ತದೆ, ತಾರೀಖು ಮಾತ್ರ ಹತ್ತೊಂಬತ್ತೂವರೆ ವರ್ಷ ಹಿಂದಿನದು. ಪೈ 4ರಲ್ಲಿ ಸ್ವಂತ ಗಡಿಯಾರದ ಬ್ಯಾಟರಿ ಇಲ್ಲ, ಜಿಪಿಎಸ್ ಹೇಳಿದ್ದನ್ನೇ ನಂಬಿಬಿಡುತ್ತದೆ. ಆಗ ಉಬ್ಬರವಿಳಿತದ ಲೆಕ್ಕವೆಲ್ಲ ತಪ್ಪು. ಹೊಸ ಯು-ಬ್ಲಾಕ್ಸ್ ಕಂಪನಿಯ ಜಿಪಿಎಸ್ ರಿಸೀವರ್ ಹಾಕಿಬಿಡುವುದೇ ಮೇಲು.

ಅಮೆರಿಕದ ಕರಾವಳಿಯಲ್ಲಿ ದೋಣಿ ಇಟ್ಟುಕೊಂಡಿರುವ ಕನ್ನಡಿಗರಿಗೆ ನಕ್ಷೆ ಪುಕ್ಕಟೆ. ಅಲ್ಲಿನ ಸರ್ಕಾರದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಇಎನ್‌ಸಿಗಳನ್ನು (ಎಲೆಕ್ಟ್ರಾನಿಕ್ ಸಮುದ್ರ ನಕ್ಷೆಗಳು) ನೇರವಾಗಿ ಇಳಿಸಿಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪಿನ ರಾಸ್ಟರ್ (ಕಾಗದದ ನಕ್ಷೆಯ ಚಿತ್ರರೂಪದ) ನಕ್ಷೆಗಳನ್ನು ಮಾತ್ರ ಹೊಸದಕ್ಕೆ ನಕಲು ಮಾಡಬೇಡಿ, ನೋವಾ ಅವುಗಳನ್ನು ನಿಲ್ಲಿಸಿಬಿಟ್ಟಿದೆ. ಮಾರ್ಗ ಎಳೆದಮೇಲೆ ಅದರ ಇಡೀ ಉದ್ದಕ್ಕೂ ಝೂಮ್ ಮಾಡಿ ನೋಡಿ. 2014ರ ನವೆಂಬರ್ 29ರಂದು ವೋಲ್ವೊ ಓಶನ್ ರೇಸ್‌ನ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ದಿಬ್ಬಕ್ಕೆ ಬಡಿಯಿತು. ನಕ್ಷೆಯನ್ನು ಸಾಕಷ್ಟು ಝೂಮ್ ಮಾಡಿ ನೋಡದ ಕಾರಣ ಆ ಅಪಾಯ ಅನುಭವಿ ತಂಡದ ಕಣ್ಣಿಗೂ ಬಿದ್ದಿರಲಿಲ್ಲ.

ಪರದೆಯ ವಿಷಯ ಚಿಕ್ಕದು. ಪೈಗೆ 6 ವಾಟ್, ಬಿಸಿಲಲ್ಲಿ ಕಾಣುವ ಹತ್ತಿಂಚಿನ ಪರದೆಗೆ 12 ವಾಟ್ ಎಂದುಕೊಂಡರೆ ದಿನಕ್ಕೆ 36 ಆಂಪಿಯರ್ ಅವರ್. 100 ಆಂಪಿಯರ್ ಅವರಿನ ಲೆಡ್ ಆಸಿಡ್ ಬ್ಯಾಟರಿಯಿಂದ ಬಳಸಬಹುದಾದದ್ದೇ 50. ಪೈಯನ್ನು ಪರದೆಯಿಲ್ಲದೆ ಓಡಿಸಿ, ವೈಫೈ ಮೂಲಕ ಟ್ಯಾಬ್ಲೆಟ್ಟಿನಲ್ಲಿ ನೋಡುವುದು ಬ್ಯಾಟರಿಗೆ ಹಿತ.

ಕಟ್ಟೆ ಬಿಡುವ ಮೊದಲು 24 ಗಂಟೆ ಎಲ್ಲವನ್ನೂ ಓಡಿಸಿ. ಅದರ ಮಧ್ಯೆ ಎಂಜಿನ್ ಐದು ಸಲ ಸ್ಟಾರ್ಟ್ ಮಾಡಿ, ರೇಡಿಯೊದಲ್ಲಿ ಮಾತಾಡಿ, ಬಿಲ್ಜ್ ಪಂಪ್ ಹಾಕಿ. ಕೊನೆಗೆ ಪೈಯ ಫ್ಯೂಸನ್ನು ಏಕಾಏಕಿ ಕಿತ್ತುಬಿಡಿ. ಆಗಲೂ ಆಳದ ಮೀಟರ್ ಆಳ ತೋರಿಸುತ್ತಿರಬೇಕು, ರೇಡಿಯೊಗೆ ಸ್ಥಾನ ಗೊತ್ತಿರಬೇಕು, ಆಟೋಪೈಲಟ್ ದಿಕ್ಕು ಹಿಡಿದಿರಬೇಕು. ಯಾವುದಾದರೂ ಒಂದು ನಿಂತರೆ, ಅದರ ತಂತಿ ಪೈ ಮೂಲಕ ಹಾದುಹೋಗಿದೆ. ಬಿಡಿಸಿ, ಹಳೆಯ ದಾರಿಗೇ ಸೇರಿಸಿ, ಪೈಗೆ ಅಲ್ಲಿಂದ ಕೇಳಿಸಿಕೊಳ್ಳುವ ಒಂದು ಕವಲು ಮಾತ್ರ ಕೊಡಿ.