ಥೆರಪಿ ಜೊತಿಗೆ ವರ್ಕ್‌ಶಾಪ್‌ಗೂ ಹೋಗ್ರಿ

ನಮ್ಮ ಬೆಳಗಾವಿ ಕಡೆ ಗಂಡ-ಹೆಂಡತಿ ಥೆರಪಿಗೆ ಬರೂದೇ ದೊಡ್ಡ ಮಾತು. ಗಂಡ-ಹೆಂಡತಿಗೆ ಮಾತಾಡೂದು, ಕೇಳೂದು ಕಲಸೂ ವರ್ಕ್‌ಶಾಪ್ ಅಂದ್ರ "ನಾಲ್ಕ್ ಮಂದಿ ಮುಂದ ಮನಿ ಮಾತು ಯಾಕ್ರೀ?" ಅಂತಾರ. ಚಲೋ ವರ್ಕ್‌ಶಾಪ್‌ನ್ಯಾಗ ಮನಿ ಮಾತು ಯಾರೂ ಕೇಳಂಗಿಲ್ಲ, ಜೋಡಿ ಜೋಡಿನೇ ಕೂತು ಅಭ್ಯಾಸ ಮಾಡ್ತಾರ. ಥೆರಪಿ ಸೆಷನ್‌ನ್ಯಾಗ ಜಗಳದ ಬೇರು ಹುಡುಕೂದ್ರಾಗ ವ್ಯಾಳ್ಯಾ ಮುಗೀತದ, ಅಭ್ಯಾಸಕ್ಕ ಉಳಿಯೂದು ಕಡಿಮಿ.

ವರ್ಕ್‌ಶಾಪ್‌ನ್ಯಾಗಿನ ಅಭ್ಯಾಸ ಹಿಂಗ: ಒಬ್ಬರು 2 ನಿಮಿಷ ಒಂದೇ ವಿಷಯ ಮಾತಾಡಬೇಕು. "ನೀ ಯಾವಾಗ್ಲೂ ಹಿಂಗ" ಅನ್ನಬಾರದು, "ನನಗ ಹಿಂಗ ಅನಸ್ತದ" ಅನ್ನಬೇಕು. ಇನ್ನೊಬ್ಬರು ಕೇಳಿದ್ದನ್ನ ತಿರುಗಿ ಹೇಳಿ, "ಬರೋಬರಿ ಐತೇನು?" ಅಂತ ಕೇಳಬೇಕು. ಉತ್ತರ ಆಮ್ಯಾಲೆ. ಎಡವೂದು ಇಲ್ಲೇ: ಕೇಳೂದು ಬಿಟ್ಟು ವಕೀಲಿ ಸುರು. ಸಿಟ್ಟು ನೆತ್ತಿಗೇರಿದ್ರ ಕಡಿಮಿ ಅಂದ್ರ 20 ನಿಮಿಷ ಬಿಡುವು ತಗೋರಿ, ಮತ್ತ ಯಾವಾಗ ಕೂಡೂದು ಅಂತ ಹೇಳೇ ಏಳ್ರಿ. (ಮದುವಿ ಊಟದ ಮೆನುಕ್ಕ ತಿಂಗಳುಗಟ್ಲೆ ಚರ್ಚಾ ಮಾಡ್ತೀವಿ, ವರ್ಕ್‌ಶಾಪ್‌ಗೆ ಒಂದ್ ಆಯ್ತವಾರ ಸಿಗಂಗಿಲ್ಲ!)

ಹೆಸರು ಬರಸೂ ಮೊದಲ ಥೆರಪಿಸ್ಟ್‌ರನ್ನ ಕೇಳ್ರಿ. ಹೊಡತ, ಹೆದರಿಕಿ ಇರೂ ಮನಿಗೆ ಇದು ಬ್ಯಾಡ. ಅಲ್ಲಿ ಬಿಚ್ಚಿ ಹೇಳಿದ ಮಾತಿಗೆ ಮನ್ಯಾಗ ಪೆಟ್ಟು ಬೀಳಬಹುದು. ಅಂಥವರಿಗೆ 181 ಮಹಿಳಾ ಸಹಾಯವಾಣಿ ಐತಿ.

ವರ್ಕ್‌ಶಾಪ್‌ನಿಂದ ಬಂದಮ್ಯಾಲೆ ಇದೇ ಅಭ್ಯಾಸ ವಾರಕ್ಕ ಎರಡ್ ಸಲ 10 ನಿಮಿಷ ಸಾಕು. ಮನಿ ತುಂಬ ಮಂದಿ ಇದ್ರ ಮಾಳಗಿ ಮ್ಯಾಲೆ ಕೂಡ್ರಿ, ಮೊಬೈಲ್ ಕೆಳಗ ಬಿಟ್ಟು.