ಎಸ್ಟೀಮ್ ರ‍್ಯಾಲಿ ಕಾರು: ಸಿಲಿಂಡರ್ ಕೂತಿತು, ಪೈಪ್ ಬಾಕಿ

ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಚೌಕಟ್ಟು) ಮುಗಿದು ಸೀಟು, ಬೆಲ್ಟು ಎಲ್ಲ ಕೂತಾಗಿದೆ. ಇನ್ನು ಬೆಂಕಿ ಆರಿಸುವ ಸಿಸ್ಟಮ್‌ನ ಸರದಿ. ಸೀಟು ಕೂರುವ ಮೊದಲು ಇದಕ್ಕೆ ಕೈ ಹಾಕಿ ಪ್ರಯೋಜನವಿಲ್ಲ. ಬೆಲ್ಟು ಬಿಗಿದುಕೊಂಡಾಗ ಕೈ ಎಲ್ಲಿಯವರೆಗೆ ಎಟುಕುತ್ತದೆ ಅನ್ನೋದರ ಮೇಲೆ ಅರ್ಧ ಕೆಲಸ ನಿಂತಿದೆ.

ಒಳಗೆ ಯಾವ ಮದ್ದು ಇರಬೇಕು ಅನ್ನುವುದಕ್ಕೇ ಮೊದಲ ಜಗಳ. ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ನೊವೆಕ್ 1230 ಅನ್ನುವ ದ್ರವದ ಪಕ್ಷ. ಅದು ಆವಿಯಾಗುತ್ತ ಬೆಂಕಿಯ ಶಾಖ ಹೀರುತ್ತದೆ, ಗಲೀಜು ಉಳಿಸುವುದಿಲ್ಲ, ವೈರಿಂಗ್ ಹಾಳಾಗುವುದಿಲ್ಲ. ಎಲ್ಲ ನಿಜ. ಆದರೆ ಬಾನೆಟ್ ಕೆಳಗಿನ ಜಾಗ ಮುಚ್ಚಿದ ಕೋಣೆಯಲ್ಲ, ಅಡಿಯಿಂದಲೂ ಗ್ರಿಲ್ಲಿನಿಂದಲೂ ಗಾಳಿ ಆಡುತ್ತದೆ. ಆವಿ ಚದುರಿದ ಮೇಲೂ ಕಾದ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ. ನನ್ನ ಪಕ್ಷ ಎಎಫ್‌ಎಫ್‌ಎಫ್ ಅನ್ನುವ ನೊರೆ. ಅದರಲ್ಲಿ ಬಹುಪಾಲು ನೀರೇ ಇರುವುದರಿಂದ ಲೋಹವೂ ತಣ್ಣಗಾಗುತ್ತದೆ, ಪೆಟ್ರೋಲಿನ ಮೇಲೆ ತೆಳು ಪೊರೆ ಹರಡಿ ಆವಿ ಏಳದಂತೆಯೂ ತಡೆಯುತ್ತದೆ. ಸಾಲದ್ದಕ್ಕೆ, ನೊವೆಕ್ ತಯಾರಿಸುತ್ತಿದ್ದ 3ಎಂ ಕಂಪನಿ ಆ ಬಗೆಯ ಫ್ಲೋರಿನ್ ರಾಸಾಯನಿಕಗಳನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರಲ್ಲೇ ಹೇಳಿತ್ತು. (ಎಎಫ್‌ಎಫ್‌ಎಫ್ ಮೇಲೂ ಪರಿಸರಕ್ಕೆ ಹಾನಿ ಅನ್ನುವ ಅದೇ ಫ್ಲೋರಿನ್ ತಕರಾರಿದೆ, ಆ ವಾದದಲ್ಲಿ ನಾವಿಬ್ಬರೂ ಸಮ.) ಪೌಡರ್ ಅಂತೂ ಬೇಡ. ಕ್ಯಾಬಿನ್ ಒಳಗೆ ಬಿಟ್ಟರೆ ಬಾಗಿಲ ಹಿಡಿಕೆಯೇ ಕಾಣುವುದಿಲ್ಲ.

ಜಗಳ ಬಿಡಿಸಿದ್ದು ಸರ್ವಿಸ್. ಮೋಟಾರ್ ರೇಸಿಂಗ್‌ನ ವಿಶ್ವ ಸಂಸ್ಥೆ ಎಫ್‌ಐಎ ನಿಯಮದಂತೆ ಎರಡು ವರ್ಷಕ್ಕೊಮ್ಮೆ ಸಿಲಿಂಡರ್ ತಪಾಸಣೆ ಆಗಲೇಬೇಕು. ಒತ್ತಡ ತುಂಬಿದ ಸಿಲಿಂಡರ್ ವಿಮಾನದವರ ಲೆಕ್ಕದಲ್ಲಿ ಅಪಾಯಕಾರಿ ಸರಕು. ಹೊರದೇಶಕ್ಕೆ ಕಳಿಸಿ ತರಿಸುವುದೆಂದರೆ ಕಾಗದಪತ್ರದ ರಾಮಾಯಣ. ಹಾಗಾಗಿ ಡೀಲರ್‌ಗಳ ಹತ್ತಿರ ಬೆಲೆಗಿಂತ ಮೊದಲು ‘ಎರಡು ವರ್ಷ ಆದಮೇಲೆ ಇದನ್ನು ಯಾರು ಮಾಡಿಕೊಡ್ತಾರೆ?’ ಅಂತ ಕೇಳಿದೆ. ನೇರ ಉತ್ತರ ಕೊಟ್ಟವರು ಒಬ್ಬರೇ. ಅವರಲ್ಲಿದ್ದದ್ದು 4 ಲೀಟರಿನ ಎಎಫ್‌ಎಫ್‌ಎಫ್, ಕೇಬಲ್ ಎಳೆದು ಬಿಡುವ ಮಾದರಿ. ಎಲೆಕ್ಟ್ರಿಕ್ ಮಾದರಿಯಲ್ಲಿ ಬಟನ್ ಒತ್ತಿದರೆ ಸಾಕು, ಆದರೆ ಅದಕ್ಕೊಂದು ಬ್ಯಾಟರಿ, ಒಂದಷ್ಟು ಕನೆಕ್ಟರ್. ಕೆ-1000 ರ‍್ಯಾಲಿಯ ದೂಳು, ಚಿಕ್ಕಮಗಳೂರಿನ ತೋಟಗಳ ಕೆಸರು ಎರಡನ್ನೂ ನೆನೆಸಿಕೊಂಡರೆ ನನಗೆ ಕೇಬಲ್ ಮೇಲೇ ನಂಬಿಕೆ. ಕಡಿದಾದ ತಿರುವು ಇಲ್ಲದಂತೆ ಎಳೆದರೆ ಆಯಿತು.

ಸಿಲಿಂಡರ್ ಜಾಗ ನ್ಯಾವಿಗೇಟರ್ ಸೀಟಿನ ಹಿಂದೆ, ನೆಲಕ್ಕೆ ಅಡ್ಡಲಾಗಿ. ಹಿಡಿತ 25 ಜಿ (ತೂಕದ 25 ಪಟ್ಟು ಎಳೆತ) ತಡೆಯಬೇಕೆಂದು ನಿಯಮ. ಅಂದರೆ 8 ಕೆಜಿಯ ವಸ್ತು ಗುದ್ದಿದ ಕ್ಷಣದಲ್ಲಿ 200 ಕೆಜಿಯಂತೆ ಎಳೆಯುತ್ತದೆ. ಎಸ್ಟೀಮಿನ ತೆಳು ತಗಡು ಅದಕ್ಕೆ ಸಾಲದು. ಅಡಿಯಿಂದ 3 ಮಿ.ಮೀ. ಪ್ಲೇಟು ವೆಲ್ಡ್ ಮಾಡಿಸಿ ಬೋಲ್ಟ್ ಹಾಕಿಸಿದೆ. “ಇಷ್ಟು ಸಣ್ಣ ಸಿಲಿಂಡರ್‌ಗೆ ಲಾರಿ ಬೋಲ್ಟ್ ಯಾಕೆ ಸಾರ್?” ಅಂದ ವೆಲ್ಡಿಂಗ್ ಮೇಸ್ತ್ರಿ, ಲೆಕ್ಕ ಕೇಳಿದ ಮೇಲೆ ತಾನಾಗೇ ದೊಡ್ಡ ವಾಷರ್ ಹುಡುಕಿ ತಂದ.

ಕೇಬಲ್ ಎಳೆಯಲು ಎರಡು ಹಿಡಿಕೆ. ಒಳಗಿನ ಹಿಡಿಕೆಯನ್ನು ಡ್ಯಾಶ್‌ಬೋರ್ಡ್ ನಡುವೆ ಇಟ್ಟರೆ ಚೆಂದ ಕಾಣುತ್ತದೆ, ಆದರೆ ಬೆಲ್ಟ್ ಬಿಗಿದಾಗ ಬೆರಳ ತುದಿ ಮಾತ್ರ ತಾಗುತ್ತದೆ. ಸೀಟುಗಳ ನಡುವೆ ಇಟ್ಟೆ, ಇಬ್ಬರಿಗೂ ಎಟುಕುತ್ತದೆ. ಹ್ಯಾಂಡ್‌ಬ್ರೇಕ್ ಅಂದುಕೊಂಡು ಎಳೆಯದಂತೆ ಒಂದು ಸಣ್ಣ ತಗಡಿನ ಅಡ್ಡ ಕೊಟ್ಟಿದ್ದೇನೆ. ಹೊರಗಿನದು ವಿಂಡ್‌ಸ್ಕ್ರೀನ್ ಬುಡದಲ್ಲಿ, ಕಾರಿನ ಇಡೀ ಕರೆಂಟ್ ಕಡಿಯುವ ಕಿಲ್ ಸ್ವಿಚ್ ಪಕ್ಕದಲ್ಲೇ. ಅದರ ಗುರುತು ಕೆಂಪು ಅಂಚಿನ ಬಿಳಿ ವೃತ್ತದಲ್ಲಿ ಇಂಗ್ಲಿಷಿನ ಕೆಂಪು ‘E’, ಕನಿಷ್ಠ 10 ಸೆಂ.ಮೀ. ಅಗಲ, ಪಕ್ಕದಲ್ಲಿ ಕಿಲ್ ಸ್ವಿಚ್‌ನ ನೀಲಿ ತ್ರಿಕೋನ. ಎರಡೂ ಒಟ್ಟಿಗಿರಬೇಕು, ಯಾಕೆಂದರೆ ಫ್ಯೂಯಲ್ ಪಂಪ್ ಓಡುತ್ತಲೇ ಇದ್ದರೆ ನೊರೆ ಖಾಲಿಯಾದರೂ ಪೆಟ್ರೋಲ್ ಖಾಲಿಯಾಗುವುದಿಲ್ಲ.

ನಾಜಲ್‌ಗಳ ಜಾಗ ಗುರುತು ಹಾಕಿದೆ. ಎಂಜಿನ್ ಕಡೆ ಒಂದು ಇಂಜೆಕ್ಟರ್‌ಗಳತ್ತ, ಒಂದು ಎಕ್ಸಾಸ್ಟ್ ಮೇಲೆ. ಕ್ಯಾಬಿನ್ನಿನವು ಕಾಲುಗಳ ಕಡೆಗೆ. ಮುಖಕ್ಕೆ ನೇರ ಹೊಡೆಯುವಂತಿಲ್ಲ.

ಇನ್ನು ಅಲ್ಯೂಮಿನಿಯಂ ಪೈಪ್ ಬಗ್ಗಿಸಿ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ದಾಟಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸರಿಯಾದ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ಸಿಕ್ಕರೆ ಬರುವ ಭಾನುವಾರ ಅದೇ ಕೆಲಸ. ಸಿಲಿಂಡರ್ ಜೋಡಿಸುವ ಮುಂಚೆ ಕಂಪ್ರೆಸರ್ ಗಾಳಿ ಬಿಟ್ಟು ಪ್ರತಿ ನಾಜಲ್‌ನಲ್ಲೂ ಬರುತ್ತದೆಯೇ ನೋಡಬೇಕು. ಸ್ಟೇಜ್ (ರ‍್ಯಾಲಿಯಲ್ಲಿ ಸಮಯ ಅಳೆದು ಓಡಿಸುವ ಹಂತ) ಶುರುವಾಗುವ ಮುನ್ನ, ಸಿಸ್ಟಮ್ ತಾನಾಗೇ ಬಿಡದಂತೆ ತಡೆದಿರುವ ಸೇಫ್ಟಿ ಪಿನ್ ತೆಗೆಯುವ ಕೆಲಸ ನ್ಯಾವಿಗೇಟರ್‌ಗೆ ವಹಿಸಿದೆ.